ಹಳೇ ಕಂಪ್ಯೂಟರಿನ ಬೇಲಿ ಮತ್ತು ಕಾವಲು

ಮಕ್ಕಳ ಓದಿಗೆಂದು ಹತ್ತು ವರ್ಷದ ಹಿಂದೆ ತಂದ ಕಂಪ್ಯೂಟರ್ ಇವತ್ತಿಗೂ ಎಷ್ಟೋ ಮನೆಗಳ ಮೂಲೆಮೇಜಿನ ಮೇಲಿದೆ. ಮಕ್ಕಳು ಓದು ಮುಗಿಸಿ ಬೇರೆ ಊರು ಸೇರಿದ್ದಾರೆ. ಈಗ ಅದರಲ್ಲಿ ಪಹಣಿ ತೆಗೆಯುವುದು, ಕರೆಂಟ್ ಬಿಲ್ ಕಟ್ಟುವುದು, ಮದುವೆಯ ಫೋಟೊ ನೋಡುವುದು, ಆಗೀಗ ‘ನುಡಿ’ ತಂತ್ರಾಂಶದಲ್ಲಿ ಒಂದು ಅರ್ಜಿ ಟೈಪ್ ಮಾಡುವುದು ನಡೆಯುತ್ತದೆ. ಯಂತ್ರ ನಿಧಾನವಾಗಿದೆ, ಆದರೆ ಕೆಟ್ಟಿಲ್ಲ. ಕೆಡದ ವಸ್ತುವನ್ನು ಎಸೆಯದಿರುವುದು ನಮ್ಮ ಮನೆಗಳ ರೂಢಿ, ಒಳ್ಳೆಯ ರೂಢಿಯೇ. ಇಂಥ ಕಂಪ್ಯೂಟರಿನ ಮುಂದೆ ಕೂತವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಕಡಿಮೆ ದುಡ್ಡಿಗೆ ಸಿಗುವ ಒಳ್ಳೆಯ ಆಂಟಿವೈರಸ್ ಯಾವುದು? ಪ್ರಶ್ನೆ ಸಹಜವಾದದ್ದು. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ ಕಂಪ್ಯೂಟರಿನೊಳಗಿರುವ ವಿಂಡೋಸಿಗೆ, ಅಂದರೆ ಅದನ್ನು ನಡೆಸುವ ಮೂಲ ತಂತ್ರಾಂಶಕ್ಕೆ, ಇವತ್ತಿಗೂ ರಿಪೇರಿ ಬರುತ್ತಿದೆಯೇ? ಇದಕ್ಕೆ ಉತ್ತರ ತಿಳಿಯದೆ ಆಂಟಿವೈರಸ್ ಕೊಂಡರೆ ಕೊಟ್ಟ ಹಣಕ್ಕೆ ಧೈರ್ಯ ಸಿಗುತ್ತದೆ, ರಕ್ಷಣೆ ಸಿಗುವುದಿಲ್ಲ. ಈ ಅಧ್ಯಾಯದ ವಾದ ಇಷ್ಟೇ. ಅದಕ್ಕೆ ಆಧಾರವೇನು ಎಂಬುದನ್ನು ನೋಡೋಣ.

2015ರಲ್ಲಿ ಗೂಗಲ್ ಸಂಸ್ಥೆಯ ಮೂವರು ಸಂಶೋಧಕರು ಒಂದು ಸಮೀಕ್ಷೆಯನ್ನು ಪ್ರಕಟಿಸಿದರು. ಕಂಪ್ಯೂಟರ್ ಭದ್ರತೆಯನ್ನೇ ಕಸುಬು ಮಾಡಿಕೊಂಡ 231 ಮಂದಿಯನ್ನೂ ಆ ಕಸುಬಿನವರಲ್ಲದ 294 ಮಂದಿಯನ್ನೂ ಒಂದೇ ಮಾತು ಕೇಳಿದ್ದರು: ಸುರಕ್ಷಿತವಾಗಿರಲು ನೀವು ಮಾಡುವ ಮುಖ್ಯವಾದ ಮೂರು ಕೆಲಸಗಳು ಯಾವುವು? ಸಾಮಾನ್ಯ ಬಳಕೆದಾರರಲ್ಲಿ ನೂರಕ್ಕೆ 42 ಮಂದಿ ಆಂಟಿವೈರಸ್ಸನ್ನು ಹೆಸರಿಸಿದರು. ತಜ್ಞರಲ್ಲಿ ಅದನ್ನು ಹೆಸರಿಸಿದವರು ನೂರಕ್ಕೆ 7 ಮಂದಿ. ತಜ್ಞರಲ್ಲಿ ನೂರಕ್ಕೆ 35 ಮಂದಿ ಹೇಳಿದ್ದು ತಂತ್ರಾಂಶಗಳನ್ನು ಅಪ್‌ಡೇಟ್ ಮಾಡಿಕೊಳ್ಳುವುದನ್ನು; ಉಳಿದವರಲ್ಲಿ ಅದನ್ನು ಹೇಳಿದವರು ಬರೀ 2. ಒಂದೇ ಅಪಾಯದ ಬಗ್ಗೆ ಕೇಳಿದಾಗ ಎರಡು ಗುಂಪುಗಳು ಎರಡು ದಿಕ್ಕಿಗೆ ಮುಖ ಮಾಡಿವೆ. ಇದು ತಜ್ಞರ ಅಭಿಪ್ರಾಯವೇ ಹೊರತು ಆದ ಹಾನಿಯನ್ನು ಅಳೆದ ಲೆಕ್ಕವಲ್ಲ ಎಂದು ಯಾರಾದರೂ ಹೇಳಿದರೆ ಆ ಮಾತು ಸರಿ. ಹಾಗಾಗಿ ಅಭಿಪ್ರಾಯವನ್ನು ಬದಿಗಿಟ್ಟು, ಆಂಟಿವೈರಸ್ ಎಂಬ ಕಾವಲು ಕೆಲಸ ಮಾಡುವ ಬಗೆಯನ್ನೂ ಅಪ್‌ಡೇಟ್ ಎಂಬ ಬೇಲಿ ಬಿದ್ದಾಗ ನಡೆದದ್ದನ್ನೂ ಒಂದೊಂದಾಗಿ ನೋಡಬೇಕು.

ಆಂಟಿವೈರಸ್ ಹುಟ್ಟಿದ ಕಾಲಕ್ಕೆ ಅದರ ಕೆಲಸ ಸರಳವಾಗಿತ್ತು. 1986ರಲ್ಲಿ ಲಾಹೋರಿನ ಅಣ್ಣತಮ್ಮಂದಿರಾದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಬರೆದ ‘ಬ್ರೇನ್’ ಎಂಬ ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ಅಂಟಿಕೊಂಡು ದೇಶದೇಶ ತಿರುಗಿತು. ಅಂಥ ಪ್ರತಿಯೊಂದು ವೈರಸ್ಸಿನ ಒಡಲಲ್ಲೂ ಅದಕ್ಕೆ ಮಾತ್ರ ಸೇರಿದ ಒಂದು ಬೈಟ್‌ಸಾಲು ಇರುತ್ತಿತ್ತು, ಬೆರಳಚ್ಚಿನ ಹಾಗೆ. ಆ ಬೆರಳಚ್ಚುಗಳ ಪಟ್ಟಿ ಇಟ್ಟುಕೊಂಡು ಪ್ರತಿ ಫೈಲನ್ನೂ ಅದರೊಂದಿಗೆ ಹೋಲಿಸಿದರೆ ಕಳ್ಳ ಸಿಕ್ಕಿಬೀಳುತ್ತಿದ್ದ. ಇವತ್ತಿನ ಸ್ಥಿತಿ ಹಾಗಿಲ್ಲ. ಜರ್ಮನಿಯ ಮಾಗ್ಡೆಬುರ್ಗ್ ನಗರದಲ್ಲಿರುವ ಎವಿ-ಟೆಸ್ಟ್ ಪ್ರಯೋಗಾಲಯ ದಿನವೊಂದಕ್ಕೆ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಹೊಸ ಕುತಂತ್ರಾಂಶಗಳನ್ನು ದಾಖಲಿಸುತ್ತದೆ. ಇವುಗಳಲ್ಲಿ ಹೆಚ್ಚಿನವು ಹಳೆಯದಕ್ಕೇ ವೇಷ ಬದಲಿಸಿದವು, ಅದನ್ನೂ ಯಂತ್ರವೇ ಮಾಡಿರುತ್ತದೆ. ಇಷ್ಟೊಂದು ಬೆರಳಚ್ಚುಗಳನ್ನು ಮನೆಯ ಕಂಪ್ಯೂಟರಿನಲ್ಲಿ ತುಂಬಿಡಲಾಗದು. ಆದ್ದರಿಂದ ಈಗಿನ ಆಂಟಿವೈರಸ್‌ಗಳು ಫೈಲಿನ ನಡವಳಿಕೆಯನ್ನು ನೋಡುತ್ತವೆ, ಅನುಮಾನ ಬಂದರೆ ಅಂತರ್ಜಾಲದ ಮೂಲಕ ಕಂಪನಿಯ ಸರ್ವರನ್ನು ಕೇಳುತ್ತವೆ, ಬಂದ ಉತ್ತರದ ಮೇಲೆ ತೀರ್ಮಾನ ಮಾಡುತ್ತವೆ.

ಈ ತೀರ್ಮಾನ ಎಂದೂ ಪೂರ್ತಿ ಸರಿಯಾಗಿರಲಾರದು ಎಂಬುದಕ್ಕೆ ಗಣಿತದ ಸಾಧನೆಯೇ ಇದೆ. ‘ಕಂಪ್ಯೂಟರ್ ವೈರಸ್’ ಎಂಬ ಕಲ್ಪನೆಯನ್ನು ಶಾಸ್ತ್ರೀಯವಾಗಿ ಮೊದಲು ಅಧ್ಯಯನ ಮಾಡಿದವರಲ್ಲಿ ಒಬ್ಬರಾದ ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲಿ ಅದನ್ನು ತೋರಿಸಿಕೊಟ್ಟರು. ವಾದ ಚಿಕ್ಕದು, ಸ್ವಲ್ಪ ನಿಂತು ಯೋಚಿಸಿದರೆ ಯಾರಿಗಾದರೂ ತಿಳಿಯುತ್ತದೆ. ಯಾವ ಪ್ರೋಗ್ರಾಮನ್ನು ಕೊಟ್ಟರೂ ವೈರಸ್ ಹೌದೋ ಅಲ್ಲವೋ ಎಂದು ತಪ್ಪಿಲ್ಲದೆ ಹೇಳುವ ಪರೀಕ್ಷಕನೊಬ್ಬ ಇದ್ದಾನೆ ಎಂದುಕೊಳ್ಳಿ. ನಾನೊಂದು ಪ್ರೋಗ್ರಾಮ್ ಬರೆಯುತ್ತೇನೆ. ಅದು ಮೊದಲು ತನ್ನನ್ನೇ ಆ ಪರೀಕ್ಷಕನ ಮುಂದಿಟ್ಟು ಕೇಳುತ್ತದೆ. ‘ಇದು ವೈರಸ್’ ಎಂದು ಅವನು ಹೇಳಿದರೆ ಏನೂ ಮಾಡದೆ ಸುಮ್ಮನಿರುತ್ತದೆ. ‘ಇದು ವೈರಸ್ ಅಲ್ಲ’ ಎಂದರೆ ಹರಡಲು ಶುರುಮಾಡುತ್ತದೆ. ಪರೀಕ್ಷಕ ಏನೇ ಹೇಳಿದರೂ ಅವನ ಮಾತು ಸುಳ್ಳಾಗುತ್ತದೆ. ಅಂದರೆ ತಪ್ಪೇ ಮಾಡದ ಆಂಟಿವೈರಸ್ ಇನ್ನೂ ಸಿಕ್ಕಿಲ್ಲ ಎಂದಲ್ಲ, ಅಂಥದ್ದು ಇರಲು ಸಾಧ್ಯವೇ ಇಲ್ಲ. ‘ನೂರಕ್ಕೆ ನೂರು ರಕ್ಷಣೆ’ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದರೆ ಅದನ್ನು ನಂಬಬೇಕಾಗಿಲ್ಲ. ಕಾವಲುಗಾರ ಎಷ್ಟೇ ಜಾಣನಾದರೂ ಕೆಲವರು ಕಣ್ತಪ್ಪಿಸಿ ಬಂದೇ ಬರುತ್ತಾರೆ. ಬಂದವರಿಗೆ ಎಷ್ಟು ಹಾನಿ ಮಾಡಲು ಆಗುತ್ತದೆ ಎಂಬುದನ್ನು ನಿರ್ಧರಿಸುವುದು ಬೇಲಿ.

ಬೇಲಿ ಎಂದರೆ ಏನೆಂದು ತಿಳಿಯಲು 2017ರ ಮೇ 12ನ್ನು ನೆನೆಯಬೇಕು. ಅಂದು ಹಬ್ಬಲು ಶುರುವಾದ ‘ವನ್ನಾಕ್ರೈ’ ಎಂಬ ಕುತಂತ್ರಾಂಶ ಕೆಲವೇ ದಿನಗಳಲ್ಲಿ ನೂರೈವತ್ತು ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ಸುಲಿಗೆ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಒಂದೇ ಜಾಲದಲ್ಲಿರುವ ಕಂಪ್ಯೂಟರುಗಳು ಫೈಲು ಹಂಚಿಕೊಳ್ಳಲೆಂದು ವಿಂಡೋಸಿನಲ್ಲಿ ಇಟ್ಟಿದ್ದ ಒಂದು ಸೇವೆಯಲ್ಲಿ ಬಿರುಕಿತ್ತು. ವನ್ನಾಕ್ರೈ ಅದರೊಳಗಿಂದ ತಾನಾಗಿ ನುಸುಳಿತು. ನೋವಿನ ಸಂಗತಿ ಎಂದರೆ ಆ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಕಾಲಾವಕಾಶವಿತ್ತು. ಪೆಟ್ಟು ತಿಂದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7 ಇದ್ದವು. ಆ ಕಾಲಕ್ಕೆ ಅದಕ್ಕಿನ್ನೂ ತೇಪೆಗಳು ಬರುತ್ತಿದ್ದವು, ಹಾಕಿಕೊಂಡಿರಲಿಲ್ಲ ಅಷ್ಟೇ. ಅಪ್‌ಡೇಟ್ ಆಗಿದ್ದ ಪಕ್ಕದ ಕಂಪ್ಯೂಟರಿಗೆ ಅದೇ ಕುತಂತ್ರಾಂಶ ಬಂದು ಬಾಗಿಲು ತಟ್ಟಿದರೂ ಒಳಗೆ ಹೋಗಲು ದಾರಿ ಸಿಗಲಿಲ್ಲ. ಅದರಲ್ಲಿ ಯಾವ ಆಂಟಿವೈರಸ್ ಇತ್ತು ಎಂಬ ಪ್ರಶ್ನೆಯೇ ಬರಲಿಲ್ಲ.

ಮನೆಯಲ್ಲಿ ವೈಫೈ ರೂಟರ್ ಇದೆ, ಹೊರಗಿನಿಂದ ನೇರವಾಗಿ ಬರುವ ಇಂಥದ್ದನ್ನು ಅದೇ ತಡೆಯುತ್ತದಲ್ಲ ಎಂದು ಕೇಳಬಹುದು. ಬಹುಮಟ್ಟಿಗೆ ತಡೆಯುತ್ತದೆ, ಆ ಮಾತನ್ನು ಒಪ್ಪಬೇಕು. ಆದರೆ ಬಿರುಕುಗಳಿರುವುದು ಆ ಒಂದು ಸೇವೆಯಲ್ಲಿ ಮಾತ್ರವಲ್ಲ. ಚಿತ್ರವನ್ನು ಬಿಡಿಸಿ ತೋರಿಸುವ, ಅಕ್ಷರವನ್ನು ಪರದೆಗೆ ತರುವ, ಪಿಡಿಎಫ್ ತೆರೆಯುವ, ವೆಬ್ ಪುಟ ಓದುವ ಎಲ್ಲ ತಂತ್ರಾಂಶಗಳಲ್ಲೂ ಪ್ರತಿ ತಿಂಗಳು ಹೊಸ ಬಿರುಕುಗಳು ಪತ್ತೆಯಾಗುತ್ತಲೇ ಇರುತ್ತವೆ. ಅವುಗಳ ಮೂಲಕ ನುಗ್ಗುವ ಕುತಂತ್ರಾಂಶ ಒಳಗೆ ಬರುವುದು ರೂಟರಿನ ಅನುಮತಿಯಿಂದಲೇ, ಯಾಕೆಂದರೆ ಆ ಪುಟವನ್ನೋ ಪಿಡಿಎಫನ್ನೋ ಕರೆಸಿಕೊಂಡವರು ನಾವೇ. ಹಳೇ ವಿಂಡೋಸಿನ ಇನ್ನೊಂದು ಕಷ್ಟ ಇಲ್ಲಿ ಸೇರಿಕೊಳ್ಳುತ್ತದೆ. ವಿಂಡೋಸಿಗೆ ವಯಸ್ಸಾದಂತೆ ಅದರ ಮೇಲೆ ನಡೆಯುವ ಬ್ರೌಸರೂ ಕೈಬಿಡುತ್ತದೆ. ವಿಂಡೋಸ್ 7 ಮತ್ತು 8.1ರ ಮೇಲೆ ನಡೆಯುವ ಕ್ರೋಮ್ ಬ್ರೌಸರಿನ ಕೊನೆಯ ಆವೃತ್ತಿ 109. ಅದು 2023ರ ಆರಂಭದ್ದು. ಅಲ್ಲಿಂದೀಚೆಗೆ ಸಿಕ್ಕ ಬಿರುಕುಗಳೆಲ್ಲ ಆ ಯಂತ್ರಗಳಲ್ಲಿ ಹಾಗೇ ಬಾಯಿ ತೆರೆದಿವೆ.

ಆದ್ದರಿಂದ ಮೊದಲ ಕೆಲಸ ತಾರೀಖು ನೋಡುವುದು. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, 8.1ಕ್ಕೆ 2023ರ ಜನವರಿ 10ರಂದು ರಿಪೇರಿ ನಿಂತಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ರಂದು ಬಂತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತೆಯ ತೇಪೆಗಳನ್ನು ಕೊಡುವುದಾಗಿ ಕಂಪನಿ ಆಗ ಘೋಷಿಸಿತು. ಮೈಕ್ರೋಸಾಫ್ಟ್ ಖಾತೆಯ ಮೂಲಕ ಸೆಟ್ಟಿಂಗುಗಳನ್ನು ಜೋಡಿಸಿಕೊಂಡವರಿಗೆ ಅದು ಉಚಿತ, ಉಳಿದವರಿಗೆ 30 ಡಾಲರ್. ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್ ಆದರೆ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಎಂಟನೇ ಪೀಳಿಗೆ ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಹತ್ತು ವರ್ಷದ ಕಂಪ್ಯೂಟರ್ ಈ ಹೊಸಿಲು ದಾಟುವುದಿಲ್ಲ. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ವಿಂಡೋಸ್ 10ರೊಳಗಿನ ಡಿಫೆಂಡರ್ ಎಂಬ ಆಂಟಿವೈರಸ್ಸಿಗೆ ಹೊಸ ವೈರಸ್‌ಗಳ ಮಾಹಿತಿಯನ್ನು 2028ರ ಅಕ್ಟೋಬರ್‌ವರೆಗೂ ಕಳಿಸುವುದಾಗಿ ಅದೇ ಕಂಪನಿ ಹೇಳಿದೆ. ಅಂದರೆ ಕಾವಲುಗಾರನಿಗೆ ಸಂಬಳ ಮೂರು ವರ್ಷ ಮುಂದುವರಿಯುತ್ತದೆ, ಬೇಲಿಯ ರಿಪೇರಿ ಅದಕ್ಕೆ ಬಹಳ ಮೊದಲೇ ನಿಲ್ಲುತ್ತದೆ. ಕಾವಲು ಬೇರೆ, ಬೇಲಿ ಬೇರೆ ಎಂಬುದಕ್ಕೆ ತಯಾರಿಸಿದವರ ಈ ವೇಳಾಪಟ್ಟಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ಹಳೇ ಯಂತ್ರಕ್ಕೆ ಆಂಟಿವೈರಸ್ ಭಾರವಾಗುವುದು ಯಾಕೆ ಎಂಬ ವಿಷಯಕ್ಕೆ ಬರೋಣ. ಪ್ರೊಸೆಸರ್ ಹಳೆಯದಾಯಿತು ಎಂದು ಅದನ್ನು ದೂರುವುದು ರೂಢಿ. ನಿಜವಾದ ಅಡಚಣೆ ಹೆಚ್ಚಾಗಿ ತಿರುಗುವ ಹಾರ್ಡ್‌ಡಿಸ್ಕಿನಲ್ಲಿರುತ್ತದೆ. ಆಂಟಿವೈರಸ್ ಇದ್ದ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಮ್ ಯಾವ ಫೈಲನ್ನು ತೆರೆದರೂ ಆ ಕೋರಿಕೆ ನಡುದಾರಿಯಲ್ಲಿ ನಿಲ್ಲುತ್ತದೆ. ಆಂಟಿವೈರಸ್ ಫೈಲನ್ನು ಓದಿ ನೋಡಿ ಸರಿ ಎಂದಮೇಲೆ ಮುಂದಕ್ಕೆ ಹೋಗುತ್ತದೆ. ಕಂಪ್ಯೂಟರ್ ಶುರುವಾಗುವ ಹೊತ್ತಿಗೆ ಇಂಥ ಸಾವಿರಾರು ಸಣ್ಣ ಸಣ್ಣ ಓದುಗಳು ಬೇರೆ ಬೇರೆ ಜಾಗದಿಂದ ಆಗಬೇಕು. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕರಷ್ಟು ಹೊತ್ತು, ಕಾಯಬೇಕು. ಮುಳ್ಳು ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಅದರ ಎರಡರಷ್ಟು ಹೊತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ ನೂರು ಜಾಗವನ್ನೂ ಮುಟ್ಟಲಾಗದು. ಚಿಪ್ಪಿನಿಂದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಅದು ಹತ್ತಾರು ಸಾವಿರ ಜಾಗಗಳನ್ನು ಮುಟ್ಟುತ್ತದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಕಾಫಿ ಕುಡಿದು ಬಂದರೂ ಡಿಸ್ಕಿನ ದೀಪ ಮಿನುಗುತ್ತಲೇ ಇದ್ದರೆ ಅದು ಈ ಸಾಲಿನ ನೂಕುನುಗ್ಗಲು. ಇಲ್ಲಿ ‘ಹಗುರವಾದ’ ಆಂಟಿವೈರಸ್ ಹುಡುಕಿ ಬದಲಿಸಿದರೆ ಸಿಗುವ ಲಾಭ ಅಲ್ಪ. ಹಾರ್ಡ್‌ಡಿಸ್ಕ್ ತೆಗೆದು ಚಿಕ್ಕ ಎಸ್‌ಎಸ್‌ಡಿ ಕೂರಿಸಿದರೆ ಅದೇ ಆಂಟಿವೈರಸ್ ಇದ್ದರೂ ಯಂತ್ರಕ್ಕೆ ಜೀವ ಬಂದಂತಾಗುತ್ತದೆ.

ಪ್ರಯೋಗಾಲಯಗಳ ಅಂಕಪಟ್ಟಿಯನ್ನು ಓದುವಾಗಲೂ ಇದನ್ನು ನೆನಪಿಡಬೇಕು. ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಎವಿ-ಕಂಪ್ಯಾರಟಿವ್ಸ್ ಸಂಸ್ಥೆ ಆಂಟಿವೈರಸ್ ಯಂತ್ರವನ್ನು ಎಷ್ಟು ನಿಧಾನ ಮಾಡುತ್ತದೆ ಎಂಬುದನ್ನು ಅಳೆಯಲೆಂದೇ ಪರೀಕ್ಷೆ ನಡೆಸುತ್ತದೆ, ಅದೂ ಬೇಕೆಂದೇ ಕಡಿಮೆ ಶಕ್ತಿಯ ಕಂಪ್ಯೂಟರಿನ ಮೇಲೆ. ಒಳ್ಳೆಯ ಕೆಲಸ. ಆದರೆ ಆ ‘ಕಡಿಮೆ ಶಕ್ತಿಯ’ ಕಂಪ್ಯೂಟರಿನಲ್ಲೂ ಇರುವುದು ಎಸ್‌ಎಸ್‌ಡಿ. ಅಲ್ಲಿ ಹಗುರವೆನಿಸಿದ್ದು ನಮ್ಮ ಮನೆಯ ತಿರುಗುವ ಡಿಸ್ಕಿನ ಮೇಲೂ ಹಗುರವಾಗಿರುತ್ತದೆ ಎಂದು ಹೇಳಲಾಗದು. ಅಂಕಪಟ್ಟಿಯಲ್ಲಿ ಮೊದಲ ಐದಾರು ಹೆಸರುಗಳ ನಡುವಿನ ಅಂತರ ಕೂದಲೆಳೆಯಷ್ಟಿರುತ್ತದೆ, ಮುಂದಿನ ಪರೀಕ್ಷೆಯಲ್ಲಿ ಅದು ತಿರುಗಿಬೀಳುತ್ತದೆ. ಆ ಅಂತರವನ್ನು ನೋಡಿ ಹಣ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು? ರಿಪೇರಿ ಬರುತ್ತಿರುವ ವಿಂಡೋಸ್ 10 ಅಥವಾ 11 ಇದ್ದರೆ ಅದರೊಳಗೇ ಇರುವ ಡಿಫೆಂಡರ್ ಸಾಕು, ಬೇರೆ ಹಣ ಕೊಡಬೇಕಾಗಿಲ್ಲ. ಪುಕ್ಕಟೆ ಬಂದದ್ದಕ್ಕೆ ಬೆಲೆಯಿಲ್ಲ ಎಂಬ ಅನುಮಾನ ನಮ್ಮಲ್ಲಿ ಆಳವಾಗಿದೆ, ಡಿಫೆಂಡರಿನ ವಿಷಯದಲ್ಲಿ ಅದಕ್ಕೆ ಚರಿತ್ರೆಯ ಕಾರಣವೂ ಇದೆ. ಅದರ ಪೂರ್ವರೂಪವಾಗಿ ಮೈಕ್ರೋಸಾಫ್ಟ್ 2009ರಲ್ಲಿ ಬಿಟ್ಟ ಸೆಕ್ಯುರಿಟಿ ಎಸೆನ್ಷಿಯಲ್ಸ್ ಕೆಲವು ವರ್ಷಗಳ ನಂತರದ ಪರೀಕ್ಷೆಗಳಲ್ಲಿ ತೀರ ಹಿಂದೆ ಬಿದ್ದಿತ್ತು. 2013ರ ಸುಮಾರಿಗೆ ಎವಿ-ಟೆಸ್ಟ್ ರಕ್ಷಣೆಯ ವಿಭಾಗದಲ್ಲಿ ಅದಕ್ಕೆ ಸೊನ್ನೆ ಕೊಟ್ಟದ್ದೂ ಉಂಟು. ಅಂಗಡಿಯವರು ಇವತ್ತಿಗೂ ಹೇಳುವುದು ಆ ಕಾಲದ ಕಥೆಯನ್ನು. ಆ ದಶಕದ ಕೊನೆಯ ಹೊತ್ತಿಗೆ ಡಿಫೆಂಡರ್ ಅದೇ ಪ್ರಯೋಗಾಲಯದಲ್ಲಿ ಆರಕ್ಕೆ ಆರು ಅಂಕ ತೆಗೆಯತೊಡಗಿತು, ಹಣ ಕೊಟ್ಟು ಕೊಳ್ಳುವ ಆಂಟಿವೈರಸ್‌ಗಳ ಸಾಲಿಗೇ ಬಂದು ನಿಂತಿತು. ಒಂದು ದೌರ್ಬಲ್ಯ ಮಾತ್ರ ಇದೆ: ಅದು ಅಂತರ್ಜಾಲದ ನೆರವನ್ನು ಹೆಚ್ಚು ನೆಚ್ಚಿಕೊಂಡಿದೆ. ಸಂಪರ್ಕ ಕಡಿದಾಗ ಅದರ ಪತ್ತೆಹಚ್ಚುವ ಶಕ್ತಿ ಬೇರೆ ಕೆಲವಕ್ಕಿಂತ ಕಡಿಮೆ ಎಂದು ಪರೀಕ್ಷೆಗಳು ತೋರಿಸಿವೆ. ವಾರಕ್ಕೊಮ್ಮೆ ಮೊಬೈಲಿನ ಹಾಟ್‌ಸ್ಪಾಟಿನಿಂದ ನೆಟ್ ಕೊಟ್ಟು, ಉಳಿದ ದಿನವೆಲ್ಲ ಪೆನ್‌ಡ್ರೈವಿನಲ್ಲೇ ಕೆಲಸ ಸಾಗಿಸುವ ಮನೆಗೆ, ತನ್ನೊಳಗೇ ಹೆಚ್ಚು ಬೆರಳಚ್ಚು ಇಟ್ಟುಕೊಳ್ಳುವ ಇನ್ನೊಂದು ಆಂಟಿವೈರಸ್ ಉಪಯೋಗಕ್ಕೆ ಬರುತ್ತದೆ. ನನ್ನ ತೀರ್ಪಿಗೆ ಇದೊಂದು ನಿಜವಾದ ಅಪವಾದ.

ಇದಲ್ಲದೆ ಉಚಿತವಾಗಿ ಇಳಿಸಿಕೊಳ್ಳುವ ಆಂಟಿವೈರಸ್‌ಗಳೂ ಇವೆ. ಅವುಗಳ ವಿಷಯದಲ್ಲಿ ಕೇಳಬೇಕಾದದ್ದು, ಇದನ್ನು ತಯಾರಿಸಿದವರಿಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು. ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ಜಾಲತಾಣ ನೋಡುತ್ತಾರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಸಂಸ್ಥೆಯನ್ನು ಮುಚ್ಚಬೇಕಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಈ ಪ್ರಕರಣಕ್ಕಾಗಿ 1.65 ಕೋಟಿ ಡಾಲರ್ ಕಟ್ಟುವಂತೆ ಮಾಡಿತು. ಎಲ್ಲ ಉಚಿತ ತಂತ್ರಾಂಶವೂ ಹೀಗೆ ಎಂದಲ್ಲ. ಆದರೆ ಆಂಟಿವೈರಸ್ಸಿಗೆ ನಮ್ಮ ಮನೆಯ ಎಲ್ಲ ಕೋಣೆಗಳ ಕೀಲಿ ಕೊಟ್ಟಿರುತ್ತೇವೆ. ಕೀಲಿ ಯಾರ ಕೈಗೆ ಹೋಗುತ್ತಿದೆ ಎಂದು ನೋಡಿಯೇ ಕೊಡಬೇಕು. ಆ ಕೀಲಿಯ ಬಲ ಎಷ್ಟು ಎಂಬುದಕ್ಕೆ 2010ರ ಏಪ್ರಿಲ್ 21ರ ಘಟನೆ ಸಾಕು. ಅಂದು ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಫೈಲೊಂದನ್ನು ವೈರಸ್ ಎಂದು ತಪ್ಪಾಗಿ ಹಿಡಿದುಹಾಕಿತು. ಜಗತ್ತಿನಾದ್ಯಂತ ಕಂಪ್ಯೂಟರುಗಳು ಮತ್ತೆ ಮತ್ತೆ ತಾವಾಗಿ ಆರಿ ಹೊತ್ತಿಕೊಳ್ಳತೊಡಗಿದವು.

ಹಣ ಕೊಟ್ಟು ಕೊಳ್ಳುವವುಗಳಲ್ಲಿ ನಮ್ಮ ದೇಶದ್ದೇ ಹಳೆಯ ಹೆಸರುಗಳಿವೆ. ಪುಣೆಯ ಕ್ಯಾಲ್ಕುಲೇಟರ್ ರಿಪೇರಿ ಅಂಗಡಿಯಿಂದ ಬೆಳೆದು ಬಂದ ಕ್ವಿಕ್ ಹೀಲ್, 1991ರಿಂದ ಚೆನ್ನೈನಲ್ಲಿರುವ ಕೆ7 ಎರಡೂ ಕಳಪೆಯವಲ್ಲ. ಅಂಗಡಿಯಲ್ಲಿ ಕೊಂಡರೆ ಹಾಕಿಕೊಡುವವರು, ಕೆಟ್ಟರೆ ಕೇಳಲು ಒಬ್ಬರು ಸಿಗುತ್ತಾರೆ ಎಂಬುದು ಒಂಟಿಯಾಗಿರುವ ಹಿರಿಯರಿಗೆ ಸಣ್ಣ ಅನುಕೂಲವಲ್ಲ. ಕೊಳ್ಳುವುದಾದರೆ ಮೊದಲ ವರ್ಷದ ರಿಯಾಯಿತಿ ಬೆಲೆಯನ್ನಲ್ಲ, ಎರಡನೇ ವರ್ಷದ ಬೆಲೆಯನ್ನು ಕೇಳಿ; ತಾನಾಗಿ ನವೀಕರಣವಾಗುವ ಆಯ್ಕೆಯನ್ನು ಆಫ್ ಮಾಡಿ. ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಹಾಕಬೇಡಿ, ಒಂದು ತೆರೆದ ಫೈಲನ್ನು ಇನ್ನೊಂದು ತಡೆದು ಯಂತ್ರ ತೆವಳತೊಡಗುತ್ತದೆ. ಇಷ್ಟು ಹೇಳಿದ ಮೇಲೂ ವಿಂಡೋಸ್ 7ಕ್ಕೆ ಮೂರು ವರ್ಷದ ಚಂದಾ ಕೊಳ್ಳುವುದು ಬೇಲಿ ಬಿದ್ದ ತೋಟಕ್ಕೆ ಮೂರು ವರ್ಷದ ಕಾವಲು ಗೊತ್ತು ಮಾಡಿದಂತೆ ಎಂಬ ಮಾತನ್ನು ನಾನು ಬದಲಿಸಲಾರೆ.

‘ನಮ್ಮ ಕಂಪ್ಯೂಟರಿನಲ್ಲಿ ಅಂಥದ್ದೇನಿದೆ, ಯಾರು ತಾನೇ ನುಗ್ಗುತ್ತಾರೆ?’ ಎಂಬುದು ಇನ್ನೊಂದು ಆಕ್ಷೇಪ. ನುಗ್ಗುವವರು ಮನೆ ನೋಡಿ ಬರುವುದಿಲ್ಲ. ಸ್ಟಾಪ್ ಅಥವಾ ಡಿಜೆವು ಎಂದು ಕರೆಯುವ ಕುತಂತ್ರಾಂಶವನ್ನು ನೋಡಿ. ಅದು ಕಂಪನಿಗಳಿಗಿಂತ ಹೆಚ್ಚಾಗಿ ಮನೆಯ ಕಂಪ್ಯೂಟರುಗಳನ್ನೇ ಹಿಡಿಯುತ್ತದೆ. ಫೋಟೊ, ಪತ್ರ, ಲೆಕ್ಕದ ಪಟ್ಟಿ ಎಲ್ಲಕ್ಕೂ ಬೀಗ ಹಾಕಿ, ಹೆಸರಿನ ಬಾಲಕ್ಕೆ ನಾಲ್ಕು ಅರ್ಥವಿಲ್ಲದ ಅಕ್ಷರ ಸೇರಿಸಿ, ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಚೀಟಿ ಇಡುತ್ತದೆ: 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ 490. ಕಳ್ಳನಿಗೆ ಆ ಫೋಟೊಗಳ ಮೇಲೆ ಆಸೆಯಿಲ್ಲ. ಮಗಳ ಮೊದಲ ಹುಟ್ಟುಹಬ್ಬದ ಚಿತ್ರಕ್ಕೆ ಬೆಲೆ ಕಟ್ಟುವವರು ನಾವು, ಅದು ಅವನಿಗೆ ಗೊತ್ತು. ಇದು ಮನೆಯೊಳಗೆ ಬರುವ ದಾರಿ ಯಾವುದು ಎಂದು ನೋಡಿದರೆ ನಮ್ಮ ಊರಿನ ಒಂದು ಅಭ್ಯಾಸಕ್ಕೆ ಬಂದು ನಿಲ್ಲುತ್ತದೆ. ಅದು ಮುಖ್ಯವಾಗಿ ಹರಡಿದ್ದು ಹಣ ಕೊಡದೆ ಬಳಸಲು ಬೀಗ ಒಡೆದ ತಂತ್ರಾಂಶಗಳಿಂದ, ವಿಂಡೋಸನ್ನೂ ಆಫೀಸನ್ನೂ ‘ಆಕ್ಟಿವೇಟ್’ ಮಾಡುವ ಪುಟ್ಟ ಪ್ರೋಗ್ರಾಮುಗಳಿಂದ. ಅವನ್ನು ಹಾಕುವ ಮೊದಲು ‘ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಇರುತ್ತದೆ. ಕಾವಲುಗಾರನನ್ನು ನಾವೇ ಮನೆಗೆ ಕಳಿಸಿ, ಕಳ್ಳನಿಗೆ ಬಾಗಿಲು ತೆರೆದು, ಒಳಗೆ ಕರೆದು ಕೂರಿಸುತ್ತೇವೆ. ಹೀಗೆ ಕೂರಿಸಿದ ವಿಂಡೋಸಿನಲ್ಲಿ ಅಪ್‌ಡೇಟುಗಳನ್ನೂ ಎಷ್ಟೋ ಸಲ ನಿಲ್ಲಿಸಿಟ್ಟಿರುತ್ತಾರೆ, ನಕಲಿ ಎಂದು ಪತ್ತೆಯಾಗಬಾರದೆಂದು. ದುಬಾರಿ ಆಂಟಿವೈರಸ್ ಇಲ್ಲಿ ಏನೂ ಮಾಡಲಾರದು.

ಇನ್ನೊಂದು ದಾರಿ ಪೆನ್‌ಡ್ರೈವ್. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ತಂದು ಮನೆಯಲ್ಲಿ ಚುಚ್ಚಿದರೆ ಫೋಲ್ಡರುಗಳ ಜಾಗದಲ್ಲಿ ಶಾರ್ಟ್‌ಕಟ್‌ಗಳು ಕಾಣುತ್ತವೆ, ಚಿತ್ರದ ಎಡಮೂಲೆಯಲ್ಲಿ ಪುಟ್ಟ ಬಾಗಿದ ಬಾಣದ ಗುರುತು. ಅಲ್ಲಿ ನಡೆದದ್ದು ಇಷ್ಟು: ಅಂಗಡಿಯ ಕಂಪ್ಯೂಟರಿನಲ್ಲಿದ್ದ ಕುತಂತ್ರಾಂಶ ನಿಜವಾದ ಫೋಲ್ಡರುಗಳಿಗೆ ‘ಅಡಗಿಸು’ ಎಂಬ ಗುಣ ಹಚ್ಚಿದೆ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ಅದನ್ನು ಒತ್ತಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕುತಂತ್ರಾಂಶ ನಡೆಯುತ್ತದೆ, ಜೊತೆಗೆ ಅಡಗಿದ್ದ ಫೋಲ್ಡರೂ ತೆರೆದುಕೊಳ್ಳುತ್ತದೆ. ಬೇಕಾದ ಫೈಲು ಕಂಡಿದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬಾಣದ ಗುರುತು ಕಂಡರೆ ಒತ್ತದೆ ಪೆನ್‌ಡ್ರೈವನ್ನು ಆಂಟಿವೈರಸ್ಸಿನಿಂದ ಪರೀಕ್ಷಿಸಬೇಕು; ಫೈಲುಗಳು ಹೋಗಿಲ್ಲ, ಮರೆಯಾಗಿವೆ ಅಷ್ಟೇ. ಇಂಥ ಹಳೆಯ, ಪರಿಚಿತ ಕಳ್ಳರನ್ನು ಹಿಡಿಯುವುದರಲ್ಲಿ ಆಂಟಿವೈರಸ್ ನಿಜವಾಗಿ ಸಮರ್ಥ. ಆಗಲೇ ಹೊಕ್ಕಿದ್ದರೆ ತೆಗೆಯಲು ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರ ಫೆಬ್ರವರಿಯಿಂದ ನಡೆಸುತ್ತಿರುವ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ಉಚಿತ ಸಾಧನಗಳು ಸಿಗುತ್ತವೆ.

ವಿಂಡೋಸ್ 11 ಹಿಡಿಯದ, ವಿಂಡೋಸ್ 10ಕ್ಕೆ ತೇಪೆ ಬಾರದ ಯಂತ್ರಕ್ಕೆ ಗತಿಯೇನು? ಲಿನಕ್ಸ್ ಮಿಂಟ್‌ನಂಥ ವ್ಯವಸ್ಥೆಯನ್ನು ಹಾಕುವುದು ನನಗೆ ಕಾಣುವ ಅತ್ಯಂತ ಅಗ್ಗದ, ಪ್ರಾಮಾಣಿಕ ದಾರಿ. ಅದು ಉಚಿತ, 4 ಜಿಬಿ ಮೆಮೊರಿಯಲ್ಲಿ ಚೆನ್ನಾಗಿ ನಡೆಯುತ್ತದೆ, ಅದರ 22ನೇ ಆವೃತ್ತಿಗೆ 2029ರವರೆಗೆ ರಿಪೇರಿ ಬರುತ್ತದೆ. ಬ್ರೌಸರ್, ಬಿಲ್ಲು, ಪಹಣಿ, ಫೋಟೊ ಇವುಗಳಿಗೆ ಏನೂ ಕೊರತೆಯಾಗದು. ‘ಆದರೆ ನಮ್ಮ ನುಡಿ?’ ಎಂಬುದು ಕನ್ನಡಿಗರ ನ್ಯಾಯವಾದ ಪ್ರಶ್ನೆ. ಯೂನಿಕೋಡ್ ಕನ್ನಡಕ್ಕೆ ತೊಂದರೆಯಿಲ್ಲ, ನುಡಿಯ ಕೆಜಿಪಿ ಕೀಲಿಮಣೆ ವಿನ್ಯಾಸವೇ ಲಿನಕ್ಸಿನಲ್ಲೂ ಸಿಗುತ್ತದೆ, ಬೆರಳಿನ ಅಭ್ಯಾಸ ಕೆಡುವುದಿಲ್ಲ. ತೊಂದರೆ ಇರುವುದು ಹಳೇ ನುಡಿ, ಬರಹ ಫಾಂಟುಗಳಲ್ಲಿ ಪೇಜ್‌ಮೇಕರಿನಲ್ಲಿ ಪುಸ್ತಕ ಕಟ್ಟುವ ಡಿಟಿಪಿ ಕೆಲಸದವರಿಗೆ. ಅವರಿಗೆ ಹಳೇ ವಿಂಡೋಸ್ ಬೇಕೇ ಬೇಕು. ಬೇಕಾದರೆ ಇಟ್ಟುಕೊಳ್ಳಲಿ, ನೆಟ್ ತಂತಿಯನ್ನು ಕಿತ್ತಿಟ್ಟು, ವೈಫೈ ಆರಿಸಿ, ಆ ಕೆಲಸಕ್ಕೆ ಮಾತ್ರ. ಬ್ಯಾಂಕಿನ ವ್ಯವಹಾರವನ್ನು ಅದರಲ್ಲಿ ಎಂದೂ ಮಾಡಬಾರದು. ಅಪ್‌ಡೇಟ್ ಬರುತ್ತಿರುವ ಮೊಬೈಲ್ ಫೋನು ಅದಕ್ಕಿಂತ ಎಷ್ಟೋ ಮೇಲು.

ನಿಧಾನವಾದ ಕಂಪ್ಯೂಟರನ್ನು ಚುರುಕು ಮಾಡುತ್ತೇವೆ ಎನ್ನುವ ‘ಕ್ಲೀನರ್’ ತಂತ್ರಾಂಶಗಳಿಂದಲೂ ದೂರವಿರಬೇಕು. 2017ರಲ್ಲಿ ಅಂಥದೇ ಒಂದಾದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ತಮ್ಮ ಕುತಂತ್ರಾಂಶ ಸೇರಿಸಿದ್ದರು. ಕಂಪನಿಯ ಅಸಲಿ ಸಹಿಯೊಂದಿಗೇ ಅದು 22.7 ಲಕ್ಷ ಬಳಕೆದಾರರ ಕಂಪ್ಯೂಟರುಗಳಿಗೆ ಹೋಯಿತು. ಪರದೆ ತುಂಬ ಕೆಂಪು ಎಚ್ಚರಿಕೆ ತೋರಿಸಿ ಫೋನ್ ನಂಬರ್ ಕೊಡುವ ಪುಟ ಬಂದರೆ ಬ್ರೌಸರ್ ಮುಚ್ಚಿ, ಫೋನ್ ಮಾಡಬೇಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇವತ್ತು ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನೂ ಆರ್ ಅಕ್ಷರವನ್ನೂ ಒಟ್ಟಿಗೆ ಒತ್ತಿ, ಬರುವ ಪುಟ್ಟ ಚೌಕದಲ್ಲಿ ಇಂಗ್ಲಿಷಿನಲ್ಲಿ ‘ವಿನ್’ ಎಂದು ಬರೆದು, ಅದಕ್ಕೆ ‘ವರ್ಷನ್’ ಎಂಬ ಪದದ ಮೊದಲ ಮೂರಕ್ಷರ ಸೇರಿಸಿ ಎಂಟರ್ ಒತ್ತಿ. ನಿಮ್ಮ ವಿಂಡೋಸ್ ಯಾವುದೆಂದು ಅದೇ ಹೇಳುತ್ತದೆ. ಮೇಲಿನ ತಾರೀಖುಗಳ ಪಕ್ಕ ಅದನ್ನಿಟ್ಟು ನೋಡಿ. ಆಂಟಿವೈರಸ್ಸಿಗೆಂದು ಎತ್ತಿಟ್ಟ ದುಡ್ಡಿದ್ದರೆ ಮೊದಲು ಒಂದು ಹೊರ ಹಾರ್ಡ್‌ಡಿಸ್ಕ್ ಕೊಂಡು, ಫೋಟೊಗಳನ್ನೂ ಕಾಗದಪತ್ರಗಳನ್ನೂ ಅದಕ್ಕೆ ನಕಲು ಮಾಡಿ, ತಂತಿ ಬಿಚ್ಚಿ ಬೀರುವಿನಲ್ಲಿಡಿ. ತಂತಿ ಬಿಚ್ಚಿಟ್ಟ ಡಿಸ್ಕಿಗೆ ಬೀಗ ಹಾಕಬಲ್ಲ ಕುತಂತ್ರಾಂಶ ಇಲ್ಲ.